ವ್ಯಾಟ್ ಮೊದಲು, ಕೂಲರ್ ಆಮೇಲೆ

ಪುಟ್ಟ ಡಬ್ಬಿಯಲ್ಲಿ ಕಂಪ್ಯೂಟರ್ ಕಟ್ಟಿಸಿಕೊಳ್ಳಲು ಹೊರಟವರಿಗೆ ಗೆಳೆಯರೂ ಅಂಗಡಿಯವರೂ ಹೇಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: ಪ್ರೊಸೆಸರ್ ಜೊತೆ ಬಂದ ಫ್ಯಾನ್ ಪಕ್ಕಕ್ಕಿಡಿ, ಒಳ್ಳೆಯದೊಂದು ಗಿಡ್ಡ ಕೂಲರ್ ತೊಗೊಳ್ಳಿ. ಜಾಗ ಚಿಕ್ಕದು, ಗಾಳಿ ಆಡುವುದಿಲ್ಲ, ಬಿಸಿ ಹೆಚ್ಚು. ಆದ್ದರಿಂದ ಕೂಲರ್ ದೊಡ್ಡದಿರಲಿ. ಹೇಳುವವರು ಹಿತೈಷಿಗಳೇ, ಅವರ ತರ್ಕದಲ್ಲಿ ಸುಳ್ಳೂ ಇಲ್ಲ. ಆದರೂ ಈ ತರ್ಕ ಒಂದು ಹೆಜ್ಜೆ ತಡವಾಗಿ ಶುರುವಾಗುತ್ತದೆ ಎಂದು ನನಗೆ ಅನಿಸುತ್ತದೆ. ಬಿಸಿಯನ್ನು ಹೊರಹಾಕುವುದು ಹೇಗೆ ಎಂದು ಕೇಳುವ ಮೊದಲು, ಅಷ್ಟು ಬಿಸಿ ಹುಟ್ಟಲೇಬೇಕೇ ಎಂದು ಯಾರೂ ಕೇಳುವುದಿಲ್ಲ.

ಕೂಲರ್ ಶಾಖವನ್ನು ಕಡಿಮೆ ಮಾಡುವುದಿಲ್ಲ. ಪ್ರೊಸೆಸರ್ 65 ವ್ಯಾಟ್ ನುಂಗಿದರೆ 65 ವ್ಯಾಟ್ ಶಾಖವೂ ಕೊನೆಗೆ ನಿಮ್ಮ ಕೋಣೆಗೇ ಬರುತ್ತದೆ, ಕೂಲರ್ ಅಗ್ಗದ್ದಿರಲಿ, ದುಬಾರಿಯದಿರಲಿ. ಅಷ್ಟು ಶಾಖ ಹೊರಬೀಳುವಾಗ ಚಿಪ್ಪು ಕೋಣೆಗಿಂತ ಎಷ್ಟು ಡಿಗ್ರಿ ಮೇಲಿರುತ್ತದೆ ಎಂಬುದಷ್ಟೇ ಕೂಲರಿನ ಕೈಯಲ್ಲಿರುವುದು. ಲೆಕ್ಕಕ್ಕಾಗಿ, ವ್ಯಾಟಿಗೆ 0.6 ಡಿಗ್ರಿ ಏರಿಸುವ ಸಾಧಾರಣ ಕೂಲರ್ ಒಂದನ್ನು ಊಹಿಸಿಕೊಳ್ಳಿ. 65 ವ್ಯಾಟಿಗೆ 39 ಡಿಗ್ರಿ ಏರಿಕೆ. ಬೆಂಗಳೂರಿನ 25 ಡಿಗ್ರಿ ಕೋಣೆಯಲ್ಲಿ ಚಿಪ್ಪು 64ಕ್ಕೆ ನಿಂತರೆ, ಕಲಬುರಗಿಯ ಬೇಸಿಗೆಯ 40 ಡಿಗ್ರಿಯಲ್ಲಿ 79ಕ್ಕೆ. ಡಬ್ಬಿಯೊಳಗಿನ ಗಾಳಿ ಕೋಣೆಗಿಂತ ಇನ್ನೂ ಹತ್ತು ಡಿಗ್ರಿ ಬಿಸಿ ಎಂದುಕೊಂಡರೂ 89. ಕೇಳಿದರೆ ಎದೆ ಝಲ್ಲೆನ್ನಬಹುದು. ಆದರೆ ಇಂದಿನ ಬಹಳಷ್ಟು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ತಯಾರಕರೇ ಇಟ್ಟ ಮಿತಿ 95 ಅಥವಾ 100 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಚಿಪ್ಪು ಸುಡುವುದಿಲ್ಲ. ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

2022ರಲ್ಲಿ ಬಂದ ಎಎಂಡಿಯ ರೈಜನ್ 7000 ಸಾಲಿನಲ್ಲಿ ಈ ಮಾತು ಇನ್ನೂ ಸ್ಪಷ್ಟವಾಯಿತು. ಭಾರದ ಕೆಲಸ ಬಿದ್ದಾಗ 95 ಡಿಗ್ರಿಯಲ್ಲಿ ಓಡುವುದು ವಿನ್ಯಾಸದ ಭಾಗವೇ ಎಂದು ಕಂಪನಿಯೇ ಹೇಳಿತು. ಇದರ ಪರಿಣಾಮ ವಿಚಿತ್ರ. ಇಂಥ ಚಿಪ್ಪು 95ರ ಮಿತಿಗೆ ತಾಗಿ ಓಡುತ್ತಿರುವಾಗ ಇನ್ನಷ್ಟು ಒಳ್ಳೆಯ ಕೂಲರ್ ಹಾಕಿದರೆ, ಸಿಕ್ಕ ಅವಕಾಶದಲ್ಲಿ ಅದು ಇನ್ನಷ್ಟು ವಿದ್ಯುತ್ ಎಳೆದುಕೊಂಡು ಮತ್ತೆ 95ಕ್ಕೇ ಬಂದು ನಿಲ್ಲಬಹುದು. ಡಿಗ್ರಿ ಇಳಿಸಲೆಂದು ಹಣ ಕೊಟ್ಟವರಿಗೆ ಸಿಗುವುದು ಗಮನಕ್ಕೂ ಬಾರದಷ್ಟು ವೇಗ.

ಹಾಗಾದರೆ ಬಿಸಿ ಇಳಿಸುವ ದಾರಿ? ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿದೆ, ಪುಕ್ಕಟೆಯಾಗಿ. ಇಂಟೆಲ್ ಐ5-12400 ತೆಗೆದುಕೊಳ್ಳಿ. ಅದರ ಮೂಲ ಮಿತಿ 65 ವ್ಯಾಟ್, ಟರ್ಬೊ ಮಿತಿ 117. ಕೆಲವು ಮದರ್‌ಬೋರ್ಡ್‌ಗಳು ಆ 117ನ್ನು ಹೊತ್ತುಗೊತ್ತಿಲ್ಲದೆ ಎಳೆಯಲು ಬಿಟ್ಟುಬಿಡುತ್ತವೆ; ಜೊತೆಗೆ ಬಂದ ಪುಟ್ಟ ಫ್ಯಾನ್ ಕಿರುಚುವುದು ಆಗಲೇ. ಎರಡೂ ಮಿತಿಗಳನ್ನು 65ಕ್ಕೆ ಕಟ್ಟಿಹಾಕಿದರೆ ಅದೇ ಫ್ಯಾನ್ ಸಮಾಧಾನವಾಗಿ ತಿರುಗುತ್ತದೆ. ರೈಜನ್‌ನಲ್ಲಿ ಪ್ರೊಸೆಸರ್ ಬಂದ ಪೆಟ್ಟಿಗೆಯ ಮೇಲೆ 65 ಎಂದಿದ್ದರೂ ಸಾಕೆಟ್ ಮೂಲಕ 88 ವ್ಯಾಟ್‌ವರೆಗೆ ಹರಿಯಬಹುದು. 5600ಜಿಯಂಥ ಚಿಪ್ಪನ್ನು 45 ವ್ಯಾಟಿನ ದರ್ಜೆಗೆ ಇಳಿಸಲು ಕಂಪನಿಯೇ ಅನುಮತಿ ಕೊಟ್ಟಿದೆ. ಇದರಿಂದ ಆಗುವ ನಷ್ಟ ಅಂದುಕೊಂಡದ್ದಕ್ಕಿಂತ ಕಡಿಮೆ. ವೇಗದ ಕೊನೆಯ ಮೆಟ್ಟಿಲು ಹತ್ತಲು ವೋಲ್ಟೇಜ್ ಏರಿಸಬೇಕು, ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗಳೇ ಅತಿ ದುಬಾರಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ, ನುಡಿಯಲ್ಲಿ ಟೈಪ್ ಮಾಡುವವರಿಗೆ, ಮಕ್ಕಳ ಆನ್‌ಲೈನ್ ಪಾಠಕ್ಕೆ ಅವು ಬೇಕಾಗಿಯೇ ಇಲ್ಲ. ಅಂಥ ಕಂಪ್ಯೂಟರಿಗೆ ದುಬಾರಿ ಕೂಲರ್ ಎಂದರೆ ಮೂಗಿಗಿಂತ ಮೂಗುತಿ ಭಾರ.

ಆಕ್ಷೇಪಗಳಿವೆ, ಅವು ಹಗುರವಲ್ಲ. ಮೊದಲನೆಯದು ಸದ್ದು. ರಾತ್ರಿ ಧ್ವನಿಮುದ್ರಣ ಮಾಡುವವರು, ಮಲಗುವ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟವರು ಡಿಗ್ರಿಗಾಗಿ ಅಲ್ಲ, ನಿಶ್ಶಬ್ದಕ್ಕಾಗಿ ಕೂಲರ್ ಕೊಳ್ಳುತ್ತಾರೆ. ಅವರೊಡನೆ ನನಗೆ ಜಗಳವಿಲ್ಲ. ಆದರೂ ಫ್ಯಾನಿನ ವೇಗ ಅರ್ಧವಾದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ಮತ್ತು ವೇಗ ಇಳಿಸಲು ಹೊಸ ಫ್ಯಾನೇ ಬೇಕೆಂದಿಲ್ಲ. ಬ್ರೌಸರ್ ತೆರೆದ ಕ್ಷಣಕ್ಕೇ ಫ್ಯಾನ್ ಭೋರೆಂದರೆ ತಪ್ಪು ಫ್ಯಾನಿನದಲ್ಲ, ಕ್ಷಣಿಕ ಏರಿಳಿತಕ್ಕೆಲ್ಲ ಬೆಚ್ಚಿಬೀಳುವಂತೆ ಹೊಂದಿಸಿಟ್ಟ ಫ್ಯಾನ್ ಕರ್ವ್‌ನದು, ಅಂದರೆ ಎಷ್ಟು ಬಿಸಿಗೆ ಎಷ್ಟು ವೇಗ ಎಂಬ ಸೆಟ್ಟಿಂಗಿನದು. ಬಹಳಷ್ಟು ಬೋರ್ಡುಗಳ ಬಯಾಸ್‌ನಲ್ಲಿ ಅದಕ್ಕೆ ಕೆಲವು ಸೆಕೆಂಡುಗಳ ತಡ ಕೊಡಬಹುದು.

ಎರಡನೆಯದು ಜಾಗ. ಎಎಸ್‌ರಾಕ್‌ನ ಡೆಸ್ಕ್‌ಮಿನಿ ಎಕ್ಸ್300 ಎಂಬ ಡಬ್ಬಿಯ ಅಳತೆ 155 x 155 x 80 ಮಿ.ಮೀ. ಅದರಲ್ಲಿ ಕೂಲರಿಗೆ ಸಿಗುವ ಎತ್ತರ 46 ಮಿ.ಮೀ. ಮಾತ್ರ. ಎಎಂಡಿ ಪ್ರೊಸೆಸರ್ ಜೊತೆ ಕೊಡುವ ರೈತ್ ಸ್ಟೆಲ್ತ್ ಕೂಲರ್ ಅಲ್ಲಿ ಕೂರುವುದೇ ಇಲ್ಲ, ಬೇರೆಯದನ್ನು ಕೊಳ್ಳದೆ ಗತ್ಯಂತರವಿಲ್ಲ. ಥರ್ಮಲ್‌ರೈಟ್‌ನ ಎಎಕ್ಸ್‌ಪಿ90-ಎಕ್ಸ್47 ಹೆಸರೇ ಹೇಳುವಂತೆ 47 ಮಿ.ಮೀ., ಅಂದರೆ ಒಂದೇ ಮಿಲಿಮೀಟರಿನಲ್ಲಿ ಹೊರಗೆ. ಐಡಿ-ಕೂಲಿಂಗ್‌ನ ಐಎಸ್-40ಎಕ್ಸ್ 45 ಮಿ.ಮೀ., ಆಸ್ಟ್ರಿಯಾದ ನಾಕ್ಟುವಾ ಎನ್ಎಚ್-ಎಲ್9ಎ 37 ಮಿ.ಮೀ.; ಇವೆರಡೂ ಕೂರುತ್ತವೆ. ನಾಕ್ಟುವಾದ ಕೆಲಸ ಸೊಗಸಾದದ್ದೇ, ಬೆಲೆ ಮಾತ್ರ ಉಳಿದವುಗಳಿಗಿಂತ ಸಾಕಷ್ಟು ಮೇಲೆ. 45 ವ್ಯಾಟಿಗೆ ಇಳಿಸಿದ ಚಿಪ್ಪಿಗೆ ಆ ವ್ಯತ್ಯಾಸ ಕೊಡಬೇಕೇ ಎಂಬುದು ನನ್ನ ಅನುಮಾನ. ಜೊತೆಗೆ ಫ್ಯಾನ್ ಇಲ್ಲದೆ ಬರುವ ಟ್ರೇ ಪ್ರೊಸೆಸರ್, ಎಸ್‌ಪಿ ರೋಡಿನ ಸೆಕೆಂಡ್ ಹ್ಯಾಂಡ್ ಮಾಲು ಕೊಂಡವರೂ ಕೂಲರ್ ಕೊಳ್ಳಲೇಬೇಕಾದ ಈ ಗುಂಪಿಗೇ ಸೇರುತ್ತಾರೆ.

ಡಬ್ಬಿಯ ಮುಚ್ಚಳದ ಬಗ್ಗೆ ಮಾತ್ರ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಗಿಡ್ಡ ಕೂಲರ್‌ಗಳ ಫ್ಯಾನ್ ಸಾಮಾನ್ಯವಾಗಿ ಮೇಲಿನಿಂದ ಗಾಳಿ ಎಳೆದು ಬೋರ್ಡಿನ ಕಡೆಗೆ ಊದುತ್ತದೆ. ಎದುರಿಗೆ ರಂಧ್ರವಿಲ್ಲದ ತಗಡೋ ಗಾಜೋ ಇದ್ದರೆ ಎಂಥ ಕೂಲರಿಗೂ ಉಸಿರು ಕಟ್ಟುತ್ತದೆ. ರಂಧ್ರವಿದ್ದೂ ಫ್ಯಾನಿಗೂ ಅದಕ್ಕೂ ನಡುವೆ ಎರಡು ಸೆಂಟಿಮೀಟರ್ ಖಾಲಿ ಬಿಟ್ಟಿದ್ದರೆ, ಒಳಗಿನ ಬಿಸಿಗಾಳಿಯೇ ಸುತ್ತಿ ಮತ್ತೆ ಒಳಗೆ ಬರುತ್ತದೆ. ಆ ಸಂದನ್ನು ಫೋಮ್ ಪಟ್ಟಿಯಿಂದ ಸುತ್ತಲೂ ಮುಚ್ಚಿ ಫ್ಯಾನ್ ನೇರವಾಗಿ ಹೊರಗಾಳಿ ಎಳೆಯುವಂತೆ ಮಾಡಿದರೆ, ಕೆಲವೇ ರೂಪಾಯಿಯಲ್ಲಿ ಹೊಸ ಕೂಲರ್ ಕೊಂಡಷ್ಟು ಲಾಭ ಆಗುವುದುಂಟು. ನಮ್ಮೂರುಗಳ ಧೂಳಿಗೆ ಒಂದು ಬ್ರಶ್ಶೂ ಇರಲಿ. ಒರೆಸುವಾಗ ರೆಕ್ಕೆ ತಿರುಗದಂತೆ ಬೆರಳಿನಲ್ಲಿ ಹಿಡಿದುಕೊಳ್ಳಿ.

ಜೊತೆಗೆ ಬಂದ ಫ್ಯಾನ್ ಡಬ್ಬಿಯಲ್ಲಿ ಕೂರುತ್ತದೆ ಎಂದಾದರೆ ನನ್ನ ಸಲಹೆ ಇಷ್ಟು: ವ್ಯಾಟ್ ಮಿತಿ ಕಟ್ಟಿ, ಅದರಲ್ಲೇ ಒಂದು ಬೇಸಿಗೆ ಕಳೆಯಿರಿ. ಮೇ ತಿಂಗಳ ಮಧ್ಯಾಹ್ನ ನಿಮ್ಮ ದಿನನಿತ್ಯದ ಕೆಲಸ ನಡೆಯುತ್ತಿರುವಾಗ ಡಿಗ್ರಿಯ ಅಂಕಿಯನ್ನು ಬಿಟ್ಟು ಪ್ರೊಸೆಸರಿನ ಕ್ಲಾಕ್ ವೇಗ ನೋಡಿ. ಅದು ತಯಾರಕರು ಹೇಳಿದ ಮೂಲ ವೇಗಕ್ಕಿಂತ ಕೆಳಗೆ ಜಾರುತ್ತಿದ್ದರೆ, ಅಥವಾ ಸದ್ದು ತಡೆಯಲಾಗದಿದ್ದರೆ, ಅವತ್ತೇ ಸಂಜೆ ಹೋಗಿ ಕೂಲರ್ ತನ್ನಿ.