ಅದೇ ಕಡ್ಡಿ, ಬೇರೆ ಗೆಡ್ಡೆ

ಏಕಾದಶಿಗೆ ಸಬ್ಬಕ್ಕಿ ಉಪ್ಪಿಟ್ಟು, ಹಬ್ಬಕ್ಕೆ ಸಬ್ಬಕ್ಕಿ ಪಾಯಸ, ಬೇಸಿಗೆ ಬಂದರೆ ತಾರಸಿಯ ಮೇಲೆ ಸಬ್ಬಕ್ಕಿ ಸಂಡಿಗೆ. ಹೆಸರಿನಲ್ಲಿ ಅಕ್ಕಿ ಇದ್ದರೂ ಈ ಬಿಳಿ ಮುತ್ತುಗಳು ಯಾವ ತೆನೆಯಲ್ಲೂ ಬೆಳೆದವಲ್ಲ. ಮರಗೆಣಸಿನ ಬೇರನ್ನು ಅರೆದು, ಹಿಂಡಿ, ತಳಕ್ಕೆ ಇಳಿದ ಪಿಷ್ಟವನ್ನು ಗುಂಡಗೆ ಮಾಡಿ ಹುರಿದು ಒಣಗಿಸಿದರೆ ಸಬ್ಬಕ್ಕಿ. ಅದರಲ್ಲಿ ಬಹುಪಾಲು ಬರುವುದು ತಮಿಳುನಾಡಿನ ಸೇಲಂ ಸುತ್ತಮುತ್ತಲಿನ ಕಾರ್ಖಾನೆಗಳಿಂದ.

ಸೇಲಂನಲ್ಲಿ ಕಾರ್ಖಾನೆಗೆ ಹೋಗುವ ಈ ಗೆಡ್ಡೆ ಪಕ್ಕದ ಕೇರಳದಲ್ಲಿ ನೇರವಾಗಿ ಊಟದ ತಟ್ಟೆಗೆ ಬರುತ್ತದೆ. ಮೂಲತಃ ದಕ್ಷಿಣ ಅಮೆರಿಕದ ಗಿಡ. ಭಾರತಕ್ಕೆ ತಂದವರು ಪೋರ್ಚುಗೀಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬರ್ಮಾದ ಅಕ್ಕಿ ನಿಂತುಹೋದಾಗ ತಿರುವಾಂಕೂರಿನ ಬಡವರ ಹೊಟ್ಟೆ ತುಂಬಿಸಿದ್ದು ಇದೇ 'ಕಪ್ಪ'. ಕೇರಳದಿಂದ ಮಲೆನಾಡಿಗೆ ಬಂದು ನೆಲೆಸಿದ ಕೃಷಿಕರ ಹಿತ್ತಲಲ್ಲೂ ಇದನ್ನು ಕಾಣಬಹುದು.

ಮರಗೆಣಸಿನಲ್ಲಿ ಯಾವ ತಳಿ ಒಳ್ಳೆಯದು? ಪ್ರಶ್ನೆ ಸರಳ, ಉತ್ತರ ಅಷ್ಟು ಸರಳವಲ್ಲ.

ತಿರುವನಂತಪುರದ ಶ್ರೀಕಾರ್ಯದಲ್ಲಿ 1963ರಲ್ಲಿ ಆರಂಭವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 1971ರಲ್ಲಿ ಎಚ್-97, ಎಚ್-165, ಎಚ್-226 ಎಂಬ ಮಿಶ್ರತಳಿಗಳನ್ನು ಹೊರತಂದಿತು. ಎಚ್-226 ಹೆಕ್ಟೇರಿಗೆ 30 ಟನ್ನಿಗೂ ಮೇಲೆ ಇಳುವರಿ ಕೊಡಬಲ್ಲದು. ಮಲೇಷ್ಯಾದಿಂದ ಬಂದ ಹಳೆಯ ಎಂ-4 ತಳಿಯ ಇಳುವರಿ ಸುಮಾರು 20 ಟನ್. ಆದರೂ ಕೇರಳದ ಗೃಹಿಣಿಗೆ ಎಂ-4 ಬೇಕು; ಅದು ಮೆತ್ತಗೆ ಬೇಯುತ್ತದೆ, ರುಚಿಯಾಗಿರುತ್ತದೆ, ಕಹಿಯಿಲ್ಲ. ಸೇಲಂನ ರೈತನಿಗೆ ರುಚಿಗಿಂತ ಪಿಷ್ಟ ಮುಖ್ಯ. ಅವನು ಎಚ್-226 ನೆಟ್ಟು ನೀರು ಹಾಯಿಸುತ್ತಾನೆ. 1998ರಲ್ಲಿ ಬಂದ 'ಶ್ರೀ ಜಯ' ಸುಮಾರು ಆರೇ ತಿಂಗಳಲ್ಲಿ ಕೀಳಲು ಬರುತ್ತದೆ. ಭತ್ತ ಕೊಯ್ದ ಗದ್ದೆಯನ್ನು ಮುಂದಿನ ನಾಟಿಗೆ ತೆರವು ಮಾಡಬೇಕಾದವನಿಗೆ ಅದೇ ಉತ್ತಮ ತಳಿ.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ರೈತ ಮರಗೆಣಸಿನ ಬೀಜ ಬಿತ್ತುವುದಿಲ್ಲ. ಗೇಣುದ್ದದ ಕಾಂಡದ ತುಂಡು ನೆಡುತ್ತಾನೆ. ಒಂದೇ ಗಿಡದ ಹತ್ತು ತುಂಡುಗಳಿಂದ ಬರುವ ಹತ್ತು ಗಿಡಗಳ ವಂಶವಾಹಿಗಳು ಒಂದೇ. ಹಾಗಿದ್ದೂ ಅವುಗಳ ಗೆಡ್ಡೆ ಬೇರೆ ಬೇರೆಯಾದರೆ, ಕಾರಣವನ್ನು ಮುಖ್ಯವಾಗಿ ನೆಲ, ನೀರು, ಬಿಸಿಲು, ಆರೈಕೆಗಳಲ್ಲಿ ಹುಡುಕಬೇಕು.

ಸಡಿಲ ಮಣ್ಣಿನಲ್ಲಿ ಬಿಸಿಲುಂಡು ಬೆಳೆದ ಕಡ್ಡಿ ದಪ್ಪ ಗೆಡ್ಡೆ ಕೊಡುತ್ತದೆ. ಅದನ್ನೇ ತೆಂಗಿನ ದಟ್ಟ ನೆರಳಲ್ಲಿ ನೆಟ್ಟರೆ ಕಾಂಡ ಉದ್ದವಾಗುತ್ತದೆ, ಗೆಡ್ಡೆ ಸಣ್ಣದಾಗುತ್ತದೆ. ನೀರು ನಿಲ್ಲುವ ಜಾಗದಲ್ಲಿ ಕೊಳೆಯುತ್ತದೆ. ಮಳೆ ಕೈಕೊಟ್ಟರೆ ಗಿಡ ಎಲೆ ಉದುರಿಸಿ ಜೀವ ಹಿಡಿದುಕೊಳ್ಳುತ್ತದೆ. ಮತ್ತೆ ಮಳೆ ಬಂದಾಗ ಚಿಗುರಲು ಗೆಡ್ಡೆಯ ಪಿಷ್ಟವನ್ನೇ ಕರಗಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಕಿತ್ತರೆ ತೂಕವಿದ್ದರೂ ಪಿಷ್ಟ ಕಡಿಮೆ.

ಬದಲಾಗುವುದು ಗಾತ್ರ ಮಾತ್ರವಲ್ಲ. ಮರಗೆಣಸಿನಲ್ಲಿ ಲಿನಮರಿನ್ ಎಂಬ ವಸ್ತುವಿದೆ. ಗೆಡ್ಡೆಯನ್ನು ಕತ್ತರಿಸಿದಾಗ, ಜಜ್ಜಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಸಿಹಿ ತಳಿಗಳಲ್ಲಿ ಇದು ಕಡಿಮೆ, ಕಹಿ ತಳಿಗಳಲ್ಲಿ ಹೆಚ್ಚು. ಆದರೆ ಬರ ಬಂದಾಗ ಅದೇ ತಳಿಯಲ್ಲಿ ವಿಷದ ಪ್ರಮಾಣ ಏರುತ್ತದೆ. ಸಾರಜನಕ ಗೊಬ್ಬರ ಅತಿಯಾದರೂ ಏರುತ್ತದೆ. ಪೊಟ್ಯಾಷ್ ಕೊಟ್ಟರೆ ಇಳಿಯುತ್ತದೆ.

ಆಫ್ರಿಕದ ಮೊಜಾಂಬಿಕ್‌ನಲ್ಲಿ 1981ರ ಬರದಲ್ಲಿ ಬೇರೆ ಬೆಳೆಗಳೆಲ್ಲ ಒಣಗಿ, ಕಹಿ ಮರಗೆಣಸು ಮಾತ್ರ ಉಳಿಯಿತು. ಗೆಡ್ಡೆಯನ್ನು ವಾರಗಟ್ಟಲೆ ಬಿಸಿಲಿಗೆ ಒಣಗಿಸಿ ವಿಷ ಕಳೆಯುವುದು ಅಲ್ಲಿನ ಪದ್ಧತಿ. ಹಸಿದವರಿಗೆ ಅಷ್ಟು ದಿನ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಸಾವಿರಕ್ಕೂ ಹೆಚ್ಚು ಜನರ ಕಾಲುಗಳು ಸೆಟೆದು ನಿಂತುಹೋದವು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. 'ಕೊಂಜೊ' ಎಂಬ ಈ ಕಾಯಿಲೆ ಬಂದರೆ ಮತ್ತೆ ವಾಸಿಯಾಗುವುದಿಲ್ಲ. ಬರಕ್ಕೆ ಬಗ್ಗದ ತಳಿ ಜನರನ್ನು ಹಸಿವಿನಿಂದ ಉಳಿಸಿತು, ಬರದಲ್ಲೇ ಹೆಚ್ಚಿದ ಅದರ ವಿಷ ಅವರ ನಡಿಗೆಯನ್ನು ಕಸಿಯಿತು.

ಆದ್ದರಿಂದ 'ಯಾವ ತಳಿ ಒಳ್ಳೆಯದು' ಎಂದು ಕೇಳಿದವರಿಗೆ ತಿಳಿದವರು ಮರುಪ್ರಶ್ನೆ ಹಾಕುತ್ತಾರೆ: ಎಲ್ಲಿ ನೆಡುತ್ತೀರಿ, ಎಷ್ಟು ನೀರಿದೆ, ತಿನ್ನುವುದಕ್ಕೋ ಮಾರುವುದಕ್ಕೋ?

ಕೇರಳದ ಅಡುಗೆಮನೆಯಲ್ಲಿ ಸಿಹಿ ತಳಿಯ ಗೆಡ್ಡೆಯನ್ನು ಕೂಡ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಬಹಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲುತ್ತಾರೆ. ಲಿನಮರಿನ್ ನೀರಿನಲ್ಲಿ ಕರಗುತ್ತದೆ. ಅಮ್ಮ ಆ ನೀರನ್ನು ಚೆಲ್ಲುವುದೇಕೆ ಎಂದು ಮಗು ಕೇಳಿದರೆ ಗದರಿಸದೆ ಕಾರಣ ಹೇಳಿ. ರಸಾಯನಶಾಸ್ತ್ರದ ಒಂದು ಪಾಠ ಅಲ್ಲಿಯೇ ಮುಗಿದಿರುತ್ತದೆ.