ಕಿಲೋಮೀಟರ್ ಬಿಡಿ, ತಲುಪೋದು ಯಾವಾಗ ನೋಡಿ

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ? ಫೋನಲ್ಲಿ ಹುಡುಕಿದರೆ ಸುಮಾರು 14,000 ಕಿ.ಮೀ. ಅಂತ ಬರುತ್ತೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂತ ಹಿಡಿದು ಭಾಗಿಸಿದರೆ ಹದಿನೈದೂವರೆ ಗಂಟೆ. ಲೆಕ್ಕ ಸರಿ, ಆದರೆ ಆಕಾಶದಲ್ಲಿ ಗಾಳಿಯೂ ಇದೆಯಲ್ಲ!

ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಬೀಸುತ್ತೆ. ಅದು ಬೆನ್ನಿಗಿದ್ದರೆ ಲಾಭ, ಎದುರಿಗಿದ್ದರೆ ನಷ್ಟ. ಅದಕ್ಕೇ ಹೋಗುವಾಗಿನ ಸಮಯ, ಬರುವಾಗಿನ ಸಮಯ ಒಂದೇ ಇರಲ್ಲ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾಯಿಸಿ ಬೆಂಗಳೂರಿಗೆ ತಂದಿತು. 9ರ ರಾತ್ರಿ ಹೊರಟ ವಿಮಾನ ಇಲ್ಲಿ ಇಳಿದದ್ದು 11ರ ಬೆಳಗಿನ ಜಾವ. ಹಾರಿದ್ದು ಮಾತ್ರ 17 ಗಂಟೆಗೂ ಸ್ವಲ್ಪ ಹೆಚ್ಚು. ಉಳಿದದ್ದೆಲ್ಲ ಹದಿಮೂರೂವರೆ ಗಂಟೆ ಮುಂದಿರುವ ನಮ್ಮ ಗಡಿಯಾರದ ಆಟ.

ಇದೆಲ್ಲ ಕ್ವಿಜ್‌ಗೆ ಚೆನ್ನಾಗಿದೆ. ಮನೆಯವರು ಅರ್ಜೆಂಟಾಗಿ ಬರಬೇಕಾದಾಗ ಬೇರೆಯೇ ಲೆಕ್ಕ ಬೇಕಾಗುತ್ತೆ.

ಎರಡು ವರ್ಷದ ಹಿಂದೆ ಒಂದು ಮಂಗಳವಾರ ಸಂಜೆ ಮೈಸೂರಲ್ಲಿ ಅಪ್ಪನಿಗೆ ಎದೆನೋವು ಬಂತು. ಶುಕ್ರವಾರ ಬೆಳಗ್ಗೆ ಬೈಪಾಸ್ ಅಂದರು. ಸನಿವೇಲ್‌ನಲ್ಲಿರೋ ಅಕ್ಕನಿಗೆ ಅಲ್ಲಿ ಇನ್ನೂ ಬೆಳಗ್ಗೆ. ನೇರ ವಿಮಾನ ಅಂದರೆ ಹದಿನೇಳೂವರೆ ಗಂಟೆ, ಆದರೆ ಸೀಟು ಇದ್ದದ್ದು ಗುರುವಾರ ರಾತ್ರಿಗೆ. ದುಬೈ ಮೇಲೆ ಬಂದರೆ ಹತ್ತಿರ ಹತ್ತಿರ 1,700 ಕಿ.ಮೀ. ಹೆಚ್ಚು, ನಡುವೆ ನಾಲ್ಕು ಗಂಟೆ ಕಾಯೋದು, ಒಟ್ಟು 24 ಗಂಟೆ. ಆದರೆ ಹೊರಡೋದು ಅವತ್ತೇ ಮಧ್ಯಾಹ್ನ ನಾಲ್ಕಕ್ಕೆ.

ಭಾವ, "ಇಷ್ಟು ಸುತ್ತಿಕೊಂಡು ಯಾಕೆ, ನೇರವಾಗಿ ಹೋಗು" ಅಂದರಂತೆ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪನ ಮಂಚದ ಪಕ್ಕ ಎಷ್ಟು ಹೊತ್ತಿಗೆ ಇರ್ತೀನಿ?" ಸುತ್ತು ದಾರಿಯಲ್ಲಿ ಗುರುವಾರ ಬೆಳಗ್ಗೆ ಹತ್ತಕ್ಕೆ. ನೇರ ದಾರಿಯಲ್ಲಿ ಶನಿವಾರ ಬೆಳಗ್ಗೆ.

ಅವಳು ಗುರುವಾರವೇ ಬಂದಳು. ಅಪ್ಪ ಆಪರೇಷನ್‌ಗೆ ಹೋಗುವ ಮುಂಚೆ ಅವಳ ಕೈ ಹಿಡಿದು, "ಊಟ ಆಯ್ತೇನಮ್ಮ?" ಅಂತ ಕೇಳಿದರು. ಈಗ ಅಪ್ಪ ದಿನಾ ಬೆಳಗ್ಗೆ ವಾಕಿಂಗ್ ಹೋಗ್ತಾರೆ.

ನಿಮ್ಮವರೂ ದೂರದಲ್ಲಿದ್ದರೆ ಮೂರು ವಿಷಯ ಗಮನದಲ್ಲಿರಲಿ. ಟಿಕೆಟ್ ಹುಡುಕುವಾಗ ಹಾರಾಟದ ಅವಧಿಗಿಂತ ಇಳಿಯುವ ದಿನ, ಗಂಟೆ ಮೊದಲು ನೋಡಿ. ದೇವನಹಳ್ಳಿಯಿಂದ ನಿಮ್ಮೂರಿಗೆ ಬೇಕಾಗೋ ಸಮಯವನ್ನೂ ಅದಕ್ಕೆ ಸೇರಿಸಿ. ಎರಡು ವಿಮಾನ ಬದಲಿಸುವುದಿದ್ದರೆ ಒಂದೇ ಬುಕಿಂಗ್‌ನಲ್ಲಿ ಮಾಡಿಸಿ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೇದು ತಡವಾದಾಗ ಎರಡನೇದರ ಹೊಣೆ ನಿಮ್ಮ ತಲೆಗೇ ಬರಬಹುದು.

ಇವತ್ತು ರಾತ್ರಿ ಅವರಿಗೆ ಫೋನ್ ಮಾಡಿದಾಗ ಇನ್ನೊಂದು ಮಾತು ಕೇಳಿ: ಪಾಸ್‌ಪೋರ್ಟ್, ವೀಸಾ ಅವಧಿ ಎಲ್ಲಿಯವರೆಗಿದೆ?