ಎರಡು ಹೆದ್ದಾರಿಗಳ ನಡುವಿನ ಊರುಗಳು

ಬೆಳಗಾವಿ ಜಿಲ್ಲೆಯ ನಕಾಶೆಯಲ್ಲಿ ವಿಚಿತ್ರವೊಂದು ಕಣ್ಣಿಗೆ ಬೀಳುತ್ತದೆ. ಸುವರ್ಣ ಚತುಷ್ಪಥದ ಭಾಗವಾದ ರಾಷ್ಟ್ರೀಯ ಹೆದ್ದಾರಿ 48 ಕಿತ್ತೂರನ್ನು ಹಾದು ಧಾರವಾಡಕ್ಕೆ ಸಾಗುತ್ತದೆ. ಅದೇ ಬೆಳಗಾವಿಯಿಂದ ಹೊರಡುವ 748ಎ ಹೆದ್ದಾರಿಯು ನೇಸರಗಿ, ಯರಗಟ್ಟಿ, ಲೋಕಾಪುರಗಳ ಮೂಲಕ ಬಾಗಲಕೋಟೆಯತ್ತ ತೆರಳುತ್ತದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಪಾಲಿಗೆ ಎರಡೂ ದೂರ. ಈ ಮೂರೂ ಪಟ್ಟಣಗಳಲ್ಲಿ ರೈಲು ನಿಲ್ದಾಣವೂ ಇಲ್ಲ. ರಾಮದುರ್ಗದ ನೇಕಾರನ ಸೀರೆ, ಬೈಲಹೊಂಗಲದ ಹತ್ತಿ, ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಲಕ್ಷಾಂತರ ಭಕ್ತರು, ಎಲ್ಲವೂ ಒಳರಸ್ತೆಗಳನ್ನೇ ನಂಬಿವೆ. ಆ ರಸ್ತೆಗಳು ಇಷ್ಟು ಭಾರ ಹೊರಲು ಕಟ್ಟಿದವಲ್ಲ.

ಆದ್ದರಿಂದ ಕಿತ್ತೂರಿನ ಬಳಿ ಸುಸಜ್ಜಿತ ಹೆದ್ದಾರಿ ಕೂಡುತಾಣವೊಂದು ನಿರ್ಮಾಣವಾಗಿ, ಅಲ್ಲಿಂದ ಬೈಲಹೊಂಗಲದ ಮೂಲಕ ಯರಗಟ್ಟಿಗೆ, ಸವದತ್ತಿಯ ಮೂಲಕ ರಾಮದುರ್ಗಕ್ಕೆ ಅಗಲವಾದ ರಸ್ತೆಗಳಾಗುವುದು ನ್ಯಾಯವಾದ ಬೇಡಿಕೆ. ಬರಿಯ ಮೇಲ್ಸೇತುವೆ ಸಾಲದು. ವೇಗದ ವಾಹನಗಳಿಗೆ ಎದುರಾಗದೆ ಹೆದ್ದಾರಿಗೆ ಏರಲು, ಇಳಿಯಲು ಸುತ್ತುದಾರಿಗಳು ಬೇಕು. ಅವುಗಳಿಗೆ ಜಮೀನು ಬೇಕು. ತೊಡಕು ಇರುವುದು ಇಲ್ಲಿಯೇ.

ಬೆಳಗಾವಿಯ ಹಲಗಾ–ಮಚ್ಛೆ ಬೈಪಾಸನ್ನು ನೋಡಿ. ಈ ಹೆದ್ದಾರಿಯನ್ನು ಗೋವಾ ಹೆದ್ದಾರಿಗೆ ಕೂಡಿಸಲು ಹೊರಟ ಆ ಯೋಜನೆ ಫಲವತ್ತಾದ ಗದ್ದೆಗಳ ಮೇಲೆ ಹಾದು, ನ್ಯಾಯಾಲಯದ ಮೆಟ್ಟಿಲೇರಿತು. 2021ರ ನವೆಂಬರಿನಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ಕೆಲಸ ಆರಂಭವಾದಾಗ ರೈತರು ಯಂತ್ರಗಳಿಗೆ ಅಡ್ಡ ನಿಂತರು. ಮೊದಲೇ ಜನರನ್ನು ಕೂರಿಸಿಕೊಂಡು ಮಾತನಾಡಿದ್ದರೆ ಏನು ನಷ್ಟವಾಗುತ್ತಿತ್ತು?

1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯು ಅಧಿಸೂಚನೆಯ ನಂತರ ಆಕ್ಷೇಪಣೆಗೆ ಕೊಡುವುದು ಕೇವಲ 21 ದಿನ. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರ ನಿಯಮಗಳು 2015ರಿಂದ ಹೆದ್ದಾರಿಗಳಿಗೂ ಅನ್ವಯಿಸುತ್ತವೆ. ಆದರೆ ಪರಿಹಾರ ಮೊದಲು ಹುಡುಕುವುದು ಉತಾರದಲ್ಲಿರುವ ಹೆಸರನ್ನು. ಕ್ರಾಸಿನಲ್ಲಿ ಬಾಡಿಗೆ ಜಾಗದಲ್ಲಿ ಪಂಕ್ಚರ್ ಅಂಗಡಿ, ಚಹಾದಂಗಡಿ ಇಟ್ಟುಕೊಂಡ ನಮ್ಮ ಹುಡುಗರ ಹೆಸರು ಅದರಲ್ಲಿ ಎಲ್ಲಿದೆ? ಕೂಡುತಾಣದ ಬದಿಯಲ್ಲಿ ಇವರಿಗೆ ಮಳಿಗೆ ಕೊಡಬೇಕೆಂಬ ಷರತ್ತನ್ನು ಶಾಸಕರು ಈಗಲೇ ಮುಂದಿಡಬೇಕು.

ಇನ್ನೊಂದು ಮಾತನ್ನು ಸರಕಾರಕ್ಕಲ್ಲ, ನಮ್ಮವರಿಗೇ ಹೇಳಬೇಕಾಗಿದೆ. ತಂದೆ ತೀರಿಕೊಂಡು ವರ್ಷಗಳಾದರೂ ಎಷ್ಟೋ ಮನೆಗಳ ಉತಾರದಲ್ಲಿ ಹಿರಿಯಣ್ಣನ ಹೆಸರೊಂದೇ ಇರುತ್ತದೆ. ಶರೀಅತ್ ಗೊತ್ತುಪಡಿಸಿದ ಪಾಲು ಸಹೋದರಿಯರಿಗೂ ಇದೆಯೆಂಬುದು ತಿಳಿಯದ ಸಂಗತಿಯೇನಲ್ಲ. ಜಮೀನು ಹಣವಾಗಿ ಅಣ್ಣನ ಖಾತೆಗೆ ಬಿದ್ದ ಮೇಲೆ ತಂಗಿ ಕೇಳುವುದು ಯಾರನ್ನು? ಅಧಿಸೂಚನೆಗೆ ಕಾಯದೆ ಈ ವಾರವೇ ನಾಡಕಚೇರಿಗೆ ಹೋಗಿ, ಸಹೋದರಿಯರ ಹೆಸರು ಸೇರಿಸಿ ವಾರಸಾ ಮಾಡಿಸಿ.